ಮಗ್ಗುಲು ಬದಲಿಸಲು ಕಲಿತದ್ದು

ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಅಂತ ಕಲಿಸುವ ತರಬೇತಿ. ಮೊದಲ ದಿನ ಸಿಸ್ಟರ್ ನಮಗೆ ಏನನ್ನೂ ಬರೆಸಲಿಲ್ಲ. ಹದಿನಾಲ್ಕು ಜನ ಇದ್ದೆವು. ಮುಂದೆ ಕೂತಿದ್ದ ನನ್ನನ್ನೇ ಕರೆದು ಮಂಚದ ಮೇಲೆ ಮಲಗಿಸಿದರು. "ಟೀಚರ್, ಈಗ ನಿಮಗೆ ಸೊಂಟದಿಂದ ಕೆಳಗೆ ಬಲ ಇಲ್ಲ. ಕೈ ಎತ್ತಲಿಕ್ಕೂ ಆಗುವುದಿಲ್ಲ. ಸುಮ್ನೆ ಮಲಗಿ," ಅಂದರು.

ಮಲಗಿದೆ. ಬೆಡ್‌ಶೀಟಿನ ಒಂದು ಮಡಿಕೆ ಬೆನ್ನ ಕೆಳಗೆ ಸಿಕ್ಕಿಕೊಂಡಿತ್ತು. ಮೊದಲು ಅದು ಗಮನಕ್ಕೇ ಬರಲಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ತಲೆಯಲ್ಲಿ ಆ ಮಡಿಕೆ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಇಬ್ಬರು ಬಂದು ನನ್ನನ್ನು ಎಡ ಮಗ್ಗುಲಿಗೆ ತಿರುಗಿಸಿದರು. ಇನ್ನೊಬ್ಬರು ಚಮಚದಲ್ಲಿ ನೀರು ಕುಡಿಸಿದರು. ಅರ್ಧ ನೀರು ಕೆನ್ನೆಯ ಮೇಲಿಂದ ಹರಿದು ಕಿವಿಯ ಹಿಂದೆ ಹೋಯಿತು. ಒರೆಸಿಕೊಳ್ಳೋಣ ಅಂದರೆ ಕೈ ಎತ್ತುವ ಹಾಗಿಲ್ಲ.

ಆಗ ನನಗೆ ಪೇತ್ರನ ನೆನಪಾಯಿತು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಯೇಸು ಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತಗೊಂಡು ಶಿಷ್ಯರ ಕಾಲು ತೊಳೆಯಲು ಬಂದಾಗ ಬೇಡವೇ ಬೇಡ ಅಂದವನು ಪೇತ್ರ. ಪ್ರತಿ ವರ್ಷ ಪವಿತ್ರ ಗುರುವಾರ ಈ ಭಾಗ ಕೇಳುತ್ತೇನೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆದರೆ ಯಾವಾಗಲೂ ತೊಳೆಯುವವರ ಕಡೆಯಿಂದಲೇ ನೋಡಿದ್ದೆ. ಕಾಲು ಕೊಟ್ಟು ಕೂತವನಿಗೆ ಹೇಗಾಗಿರಬೇಕು ಅಂತ ಯೋಚಿಸಿದ್ದು ಆ ಮಂಚದ ಮೇಲೆ.

ನಾನು ಮಂಗಳೂರಿನವಳು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಮಾಡಿ ನಿವೃತ್ತಳಾದೆ. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಕುಟುಂಬ. ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು. 1834ರಲ್ಲಿ ಮಿಶನರಿಗಳು ಬಂದಿಳಿದ ಊರು ಇದು. ನನ್ನ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1865ರಲ್ಲಿ ಮಿಶನ್‌ನವರು ಶುರು ಮಾಡಿದ ಕಾರ್ಖಾನೆ ಅದು. ಕ್ರೈಸ್ತರಾದವರಿಗೆ ಮನೆ, ಗೇಣಿ ಜಮೀನು, ಹಳೇ ಕಸುಬು ಎಲ್ಲ ಕೈತಪ್ಪಿ ಹೋಗುತ್ತಿದ್ದ ಕಾಲ. ಪ್ರಾರ್ಥನೆ ಮಾಡಿ ಮನೆಗೆ ಹೋದವನಿಗೆ ಅಲ್ಲಿ ಗಂಜಿಯೂ ಇರಬೇಕಲ್ವಾ? ಅದಕ್ಕೇ ನೇಯ್ಗೆ, ಅಚ್ಚುಕೂಟ, ಹಂಚು ಅಂತ ಕೆಲಸ ಹುಟ್ಟಿಸಿದರು. ಆ ಹಂಚು ಚರ್ಚಿನ ಮಾಡಿಗೂ ಹೋಯಿತು, ಊರಿನ ಎಲ್ಲ ಜಾತಿಯವರ ಮನೆಯ ಮಾಡಿಗೂ ಹೋಯಿತು. ಈ ಮಾತನ್ನು ನಮ್ಮ ಅಪ್ಪ ತುಂಬ ಸಲ ಹೇಳುತ್ತಿದ್ದರು. ಅದರ ಅರ್ಥ ನನಗೆ ತಲುಪಲು ನಮ್ಮವರು, ಅಂದರೆ ನನ್ನ ಗಂಡ, ಹಾಸಿಗೆ ಹಿಡಿಯಬೇಕಾಯಿತು.

ಏಳು ವರ್ಷದ ಹಿಂದೆ ನಮ್ಮವರಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಗೊತ್ತಾಗುವಾಗಲೇ ತಡವಾಗಿತ್ತು. ಆಸ್ಪತ್ರೆಯಲ್ಲಿ "ಇನ್ನು ಮಾಡಲಿಕ್ಕೆ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂದರು. ಹನ್ನೊಂದು ವಾರ ಮನೆಯಲ್ಲಿ ಮಲಗಿದ್ದರು. ಸಭೆಯವರು ನಮ್ಮನ್ನು ಕೈಬಿಡಲಿಲ್ಲ. ಆದಿತ್ಯವಾರ ಆರಾಧನೆ ಮುಗಿಸಿ ಹದಿನೈದು ಇಪ್ಪತ್ತು ಜನ ಬರುತ್ತಿದ್ದರು. ಹಾಡುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು. ಸೇಬು, ಮೂಸಂಬಿ, ಹಾರ್ಲಿಕ್ಸ್ ಬಾಟಲಿ ಮೇಜಿನ ಮೇಲೆ ಸಾಲಾಗಿ ಇರುತ್ತಿತ್ತು. ಅವರ ಪ್ರೀತಿಯ ಬಗ್ಗೆ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವರೆಲ್ಲ ಹೊರಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವರನ್ನು ಹೇಗೆ ತಿರುಗಿಸಬೇಕು ಅಂತ ನನಗೆ ಗೊತ್ತಿರಲಿಲ್ಲ. ಎಳೆದರೆ ನೋವಾಗುತ್ತದೆ ಅಂತ ಹಾಗೇ ಬಿಡುತ್ತಿದ್ದೆ. ಮೂರನೇ ವಾರಕ್ಕೆ ಸೊಂಟದ ಕೆಳಗೆ ಚರ್ಮ ಕೆಂಪಾಯಿತು. ಐದನೇ ವಾರಕ್ಕೆ ಅಲ್ಲಿ ಹುಣ್ಣಾಯಿತು. ಡೆಟಾಲ್ ಹಾಕಿ ತೊಳೆದೆ. ಅವರು ಹಲ್ಲು ಕಚ್ಚಿಕೊಂಡು ತಡೆದುಕೊಂಡರು. ಹಸಿ ಹುಣ್ಣಿಗೆ ಡೆಟಾಲ್ ಹಾಕಬಾರದು ಅಂತ ನನಗೆ ತಿಳಿದದ್ದು ಅವರು ಹೋಗಿ ಎರಡು ವರ್ಷ ಆದ ಮೇಲೆ.

ತಿಳಿದದ್ದು ಮಂಜೇಶ್ವರದಲ್ಲಿ. ನನ್ನ ನಾದಿನಿಯನ್ನು ಕೊಟ್ಟದ್ದು ಅಲ್ಲಿಗೆ. ತಲಪಾಡಿ ದಾಟಿದರೆ ಕೇರಳ, ಅಷ್ಟೇ. ಮಾತು ನಮ್ಮದೇ ತುಳು, ಕನ್ನಡ. ಅವಳ ಅತ್ತೆಗೆ ಲಕ್ವ ಹೊಡೆದಿತ್ತು. ನೋಡಿ ಬರೋಣ ಅಂತ ಹೋಗಿದ್ದೆ. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಜೀಪು ನಿಂತಿತು. ನರ್ಸ್ ಒಬ್ಬಳು ಬ್ಯಾಗು ಹಿಡಿದು ಒಳಗೆ ಬಂದಳು, ಜೊತೆಗೆ ಊರಿನವರೇ ಒಬ್ಬರು. ಪಂಚಾಯತಿನಿಂದ ಬಂದದ್ದಂತೆ. ಅಜ್ಜಿಯನ್ನು ತಿರುಗಿಸಿ ಬೆನ್ನು ನೋಡಿದರು, ಮೂತ್ರದ ಪೈಪು ಬದಲಿಸಿದರು, ಬಾಯಿ ಒರೆಸಿದರು. ನಾದಿನಿಯ ಹತ್ತಿರ "ನೀವು ರಾತ್ರಿ ನಿದ್ದೆ ಮಾಡ್ತೀರಾ?" ಅಂತ ಕೇಳಿದರು. ದುಡ್ಡು ಕೇಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಇಂಥದ್ದೊಂದು ಇತ್ತು, ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ವಿಚಾರಿಸಿದೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಗುಣವಾಗದ ಕಾಯಿಲೆಯವರ ನೋವು, ಹುಣ್ಣು, ಭಯ, ಮನೆಯವರ ಆಯಾಸ, ಎಲ್ಲವನ್ನೂ ನೋಡಿಕೊಳ್ಳುವ ಆರೈಕೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಅವರೆಲ್ಲ ಸೇರಿ ಚಿಕ್ಕದಾಗಿ ಶುರು ಮಾಡಿದ್ದು. ಮುಂದೆ ಮಲಪ್ಪುರಂ ಕಡೆ ಊರಿನ ಜನರೇ, ಅಂದರೆ ಅಂಗಡಿಯವರು, ಮೇಷ್ಟ್ರುಗಳು, ಗೃಹಿಣಿಯರು ತರಬೇತಿ ತಗೊಂಡು ಅಕ್ಕಪಕ್ಕದ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ತಂದಿತು. ಪಂಚಾಯತಿನ ನರ್ಸು ಮನೆಗೆ ಬರುವುದು ಹಾಗೆ.

ಮಂಗಳೂರಿನಲ್ಲೂ ಮನೆ ಭೇಟಿ ಮಾಡುವ ಒಂದು ತಂಡ ಇದೆ ಅಂತ ಪರಿಚಯದ ಡಾಕ್ಟರು ಹೇಳಿದರು. ಹಾಗೆ ನಾನು ಆ ಮಂಚದ ಮೇಲೆ ಮಲಗಿದ್ದು.

ತರಬೇತಿ ಮೂರು ದಿನ. ನಾನು ಏನೆಲ್ಲ ತಪ್ಪು ಮಾಡಿದ್ದೆ ಅಂತ ಒಂದೊಂದಾಗಿ ಗೊತ್ತಾದ ಮೂರು ದಿನ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು. ಕೆಳಗೆ ಒಂದು ಅಡ್ಡ ಬಟ್ಟೆ ಹಾಕಿ ಇಬ್ಬರು ಎರಡು ಕಡೆ ಹಿಡಿದು ಎತ್ತಬೇಕು. ನಮ್ಮ ಬೆನ್ನು ಬಗ್ಗಬಾರದು, ಮಂಡಿ ಬಗ್ಗಬೇಕು. ಮಂಡಿಗಳ ನಡುವೆ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಿನ ಕೆಳಗೆ ಇನ್ನೊಂದು ದಿಂಬು. ಹುಣ್ಣು ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಅಷ್ಟೇ ಸಾಕು. ಹಳೇ ಹತ್ತಿ ಸೀರೆಯನ್ನು ಚೌಕ ಚೌಕ ಕತ್ತರಿಸಿ, ಅಂಚು ಒಳಗೆ ಬರುವ ಹಾಗೆ ಮಡಚಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಆವಿ ಕೊಟ್ಟರೆ ಪಟ್ಟಿ ಸಿದ್ಧ. ಅಂಚು ಹೊರಗಿದ್ದರೆ ನೂಲು ಗಾಯದೊಳಗೆ ಸಿಕ್ಕಿಕೊಳ್ಳುತ್ತದೆ.

ಎರಡನೇ ದಿನ ಡಾಕ್ಟರು ಸಿಸಿಲಿ ಸಾಂಡರ್ಸ್ ಬಗ್ಗೆ ಹೇಳಿದರು. ಲಂಡನ್ನಿನವರು, ಆಳವಾದ ಕ್ರೈಸ್ತ ವಿಶ್ವಾಸದವರು. ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಸೇವಕಿ, ಸಾಯುವವರ ನೋವಿಗೆ ಏನಾದರೂ ಮಾಡಲೇಬೇಕು ಅಂತ ಮತ್ತೆ ಓದಿ ಡಾಕ್ಟರ್ ಆದರು. 1948ರಲ್ಲಿ ಅವರು ನೋಡಿಕೊಂಡ ರೋಗಿಯೊಬ್ಬ ಡೇವಿಡ್ ತಾಸ್ಮಾ, ವಾರ್ಸಾದಿಂದ ಬಂದ ಯೆಹೂದ್ಯ, ಹೋಟೆಲಿನಲ್ಲಿ ಬಡಿಸುವ ಕೆಲಸದವನು. ತನ್ನವರು ಅಂತ ಯಾರೂ ಹತ್ತಿರ ಇಲ್ಲ. ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಅಂತ ಹೇಳಿ 500 ಪೌಂಡ್ ಬಿಟ್ಟು ಹೋದನಂತೆ. ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾಯುವವರನ್ನು ನೋಡಿಕೊಳ್ಳುವ ಮನೆ, ತೆರೆದದ್ದು 1967ರಲ್ಲಿ. ಹತ್ತೊಂಬತ್ತು ವರ್ಷ ಬೇಕಾಯಿತು. ಎಲ್ಲ ಮತದವರಿಗೂ, ಮತವೇ ಇಲ್ಲದವರಿಗೂ ಬಾಗಿಲು ತೆರೆದಿತ್ತು. ನೋವು ಬರೀ ಮೈಯದ್ದಲ್ಲ, ಮನಸ್ಸಿನದ್ದು, ಮನೆಯದ್ದು, ದುಡ್ಡಿನದ್ದು, ದೇವರ ಜೊತೆಗಿನದ್ದು ಎಲ್ಲ ಒಂದರೊಳಗೊಂದು ಸೇರಿಕೊಂಡಿರುತ್ತದೆ ಅಂತ ಹೇಳಿಕೊಟ್ಟವರು ಅವರು. ನಮ್ಮ ಇಡೀ ಕೆಲಸ ನಿಂತಿರುವುದು ಈ ಮಾತಿನ ಮೇಲೆ.

ಕೊನೆಗೆ ತಂಡದ ನಿಯಮ ಹೇಳಿದರು. ರೋಗಿಯೇ ಕೇಳದೆ ಯಾರೂ ಯಾವ ದೇವರ ಮಾತೂ ಎತ್ತಬಾರದು. ಪಕ್ಕದಲ್ಲಿದ್ದ ನಮ್ಮ ಸಭೆಯ ಅಕ್ಕ ನನ್ನ ಮುಖ ನೋಡಿದರು. ನನಗೂ ಮೊದಲು ಕಷ್ಟವೇ ಆಯಿತು. ಪ್ರಾರ್ಥನೆ ಇಲ್ಲದೆ ರೋಗಿಯ ಮನೆಯಿಂದ ಎದ್ದು ಬರುವುದು ನಮಗೆ ಅಭ್ಯಾಸ ಇಲ್ಲ. ಮನೆಗೆ ಬಂದು ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದೆ. ಸಮಾರ್ಯ ನಾಡಿನವನೊಬ್ಬನ ಬಗ್ಗೆ ಯೇಸು ಸ್ವಾಮಿ ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕಥೆ. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನ ಹತ್ತಿರ ಅವನು ಏನೂ ಕೇಳಲಿಲ್ಲ, ಏನೂ ಬೋಧಿಸಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದ. ಮಾರನೇ ದಿನ ಎರಡು ನಾಣ್ಯ ಕೊಟ್ಟು, ಖರ್ಚು ಜಾಸ್ತಿ ಆದರೆ ತಿರುಗಿ ಬಂದಾಗ ಕೊಡುತ್ತೇನೆ ಅಂದ. ಆ ರಾತ್ರಿ ನನಗೆ ಎರಡು ವಿಷಯ ಕಂಡಿತು. ಅವನ ಚೀಲದಲ್ಲಿ ಎಣ್ಣೆ ಇತ್ತು, ಅದನ್ನು ಹಾಕುವುದು ಹೇಗೆ ಅಂತ ಕೈಗೆ ಗೊತ್ತಿತ್ತು. ಮತ್ತೆ, ಅವನು ತಿರುಗಿ ಬರುತ್ತೇನೆ ಅಂದ.

ಮೊದಲ ನಾಲ್ಕು ಭೇಟಿ ನಾನು ಬ್ಯಾಗು ಹಿಡಿದುಕೊಂಡು ನೋಡಿದ್ದು ಮಾತ್ರ. ಐದನೇ ಮನೆಯಲ್ಲಿ ಒಂದು ತಪ್ಪು ಮಾಡಿದೆ. ಬಾಯಿ ಕ್ಯಾನ್ಸರಿನ ಮನುಷ್ಯ, ನಲವತ್ತು ದಾಟಿರಲಿಲ್ಲ. ದಾರಿಯಲ್ಲಿ ಹಳೇ ಅಭ್ಯಾಸದಿಂದ ಒಂದು ಕೇಜಿ ಮೂಸಂಬಿ ತಗೊಂಡೆ. ಒಳಗೆ ಹೋಗಿ ನೋಡಿದರೆ ಮೂಗಿನಲ್ಲಿ ಪೈಪು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅವನು ಆ ಹಣ್ಣನ್ನು ಸುಮಾರು ಹೊತ್ತು ನೋಡಿದ. ಹೆಂಡತಿ ಏನೂ ಹೇಳದೆ ಅದನ್ನು ಒಳಗೆ ತಗೊಂಡು ಹೋದಳು. ವಾಪಸ್ ಬರುವಾಗ ಸಿಸ್ಟರ್ ಮೆಲ್ಲಗೆ, "ಮೊದಲು ಕೇಳಿ ಟೀಚರ್, ಆಮೇಲೆ ತನ್ನಿ," ಅಂದರು. ಅವರು ಗದರಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು ಅನಿಸಿತು. ನಮ್ಮ ಮನೆಯ ಮೇಜಿನ ಮೇಲೆ ಸಾಲಾಗಿದ್ದ ಹಣ್ಣುಗಳು ಕಣ್ಣ ಮುಂದೆ ಬಂದವು.

ಈಗ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಅವರ ಮನೆಯಲ್ಲೇ ನಾನು ನಿಜವಾಗಿ ಕಲಿತದ್ದು.

ಊರ ಹೊರಗೆ, ಗುಡ್ಡದ ಮೇಲೆ ಹಂಚಿನ ಮನೆ. ರಿಕ್ಷಾ ಕೆಳಗೇ ನಿಲ್ಲಬೇಕು, ಐವತ್ತು ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಐವತ್ತೆಂಟು ವರ್ಷ. ಹದಿಮೂರನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಎದೆಯಲ್ಲಿ ಗಂಟು ಕಂಡಾಗ ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ನಾಚಿಕೆ, ಮತ್ತೆ ಮಗಳ ಮದುವೆ ಮುಗಿಯಲಿ ಅಂತ. ನಾವು ಹೋಗುವಾಗ ಗಂಟು ಒಡೆದು ಹುಣ್ಣಾಗಿತ್ತು. ಬೆನ್ನುಮೂಳೆಗೂ ಹರಡಿತ್ತು, ಏಳಲು ಆಗುತ್ತಿರಲಿಲ್ಲ. ಅವರ ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದರು. ವಾಸನೆಗೆ. ಊದುಬತ್ತಿ ಹಚ್ಚಿಟ್ಟಿದ್ದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ಸೊಸೆ ಮೂಗಿಗೆ ಸೆರಗು ಹಿಡಿದಿರಲಿಲ್ಲ. ಅದನ್ನು ನಾನು ಗಮನಿಸಿದೆ.

ಜಗಲಿಯಲ್ಲಿ ಅಮ್ಮನ ಮೈದುನ ಕೂತಿದ್ದರು. ನನ್ನ ಕುತ್ತಿಗೆಯ ಸರದಲ್ಲಿದ್ದ ಶಿಲುಬೆ ನೋಡಿ ನೇರವಾಗಿ ಕೇಳಿದರು, "ನೀವು ಮತಾಂತರ ಮಾಡಲಿಕ್ಕೆ ಬಂದದ್ದಾ?"

ನಾನು ಹೇಳಿದೆ: "ಅಣ್ಣ, ನಾನು ಕ್ರಿಶ್ಚಿಯನ್, ಹೌದು. ಬಂದದ್ದು ಗಾಯ ತೊಳೆಯಲಿಕ್ಕೆ. ನೀವೂ ಒಳಗೆ ಬನ್ನಿ. ನಿಂತು ನೋಡಿ."

ಆ ಪ್ರಶ್ನೆಯಿಂದ ನನಗೆ ಸಿಟ್ಟು ಬರಲಿಲ್ಲ. ಮಂಚದಿಂದ ಎದ್ದು ಹೋಗಲಾರದವರ ಮುಂದೆ ನಿಂತು ಪ್ರಸಂಗ ಮಾಡುವುದು ಅನ್ಯಾಯ ಅಂತ ನಾನೂ ನಂಬುತ್ತೇನೆ. ಬೇಡ ಅನ್ನುವ ಬಲ ಇಲ್ಲದವರ ಹತ್ತಿರ ಹೌದು ಅನಿಸಿಕೊಳ್ಳುವುದು ಎಂಥ ಸುವಾರ್ತೆ? ಅವರು ಒಳಗೆ ಬರಲಿಲ್ಲ, ಆದರೆ ಕಿಟಕಿಯ ಹತ್ತಿರ ಬಂದು ನಿಂತರು.

ಹಿಂದಿನ ದಿನದ ಬಟ್ಟೆ ಗಾಯಕ್ಕೆ ಅಂಟಿ ಒಣಗಿತ್ತು. ಕಿತ್ತರೆ ರಕ್ತ ಬರುತ್ತದೆ. ಸಿಸ್ಟರ್ ಉಪ್ಪು ನೀರನ್ನು ಸಿರಿಂಜಿನಲ್ಲಿ ತಗೊಂಡು ಅಂಚಿನಿಂದ ಹನಿ ಹನಿ ಬಿಡಲು ನನಗೆ ಹೇಳಿದರು. ಬಿಡುತ್ತಾ ಹೋದೆ. ನೀರು ಸ್ವಲ್ಪ ಉಗುರು ಬೆಚ್ಚಗಿತ್ತು. ಬಟ್ಟೆಯ ಕಂದು ಬಣ್ಣ ಮೆಲ್ಲಗೆ ಕೆಂಪಾಯಿತು, ಆಮೇಲೆ ನಸುಗೆಂಪು. ಇಪ್ಪತ್ತು ನಿಮಿಷ ಆಗಿರಬೇಕು. ಬಟ್ಟೆ ತಾನಾಗಿ ಸಡಿಲಾಗಿ ಒಂದು ಮೂಲೆ ಎದ್ದಿತು. ಸಿಸ್ಟರ್ ಇಕ್ಕಳದಿಂದ ಅದನ್ನು ಎತ್ತಿದಾಗ ಅಮ್ಮ ಕಣ್ಣು ತೆರೆದರು. ನೋವಾಗುತ್ತದೆ ಅಂತ ಮೈ ಬಿಗಿ ಹಿಡಿದು ಕಾದಿದ್ದರು. ನೋವಾಗಲಿಲ್ಲ. ನನ್ನ ಮುಖ ನೋಡಿ, "ಕುಲ್ಲುಲೆ ಟೀಚರ್," ಅಂದರು. ಕೂತುಕೊಳ್ಳಿ ಅಂತ. ಅಷ್ಟು ಹೊತ್ತು ನಾನು ನಿಂತೇ ಇದ್ದೆ.

ತೊಳೆದ ಮೇಲೆ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದೆವು. ಭೇದಿಗೆ ಕೊಡುತ್ತಾರಲ್ವಾ, ಅದೇ ಮಾತ್ರೆ. ಡಾಕ್ಟರು ಹೇಳಿದ ಹಾಗೆ ದಿನಾ ಮಾಡಬೇಕು. ನಾಲ್ಕೈದು ದಿನದಲ್ಲಿ ವಾಸನೆ ಹೋಯಿತು. ಮುಂದಿನ ವಾರ ಹೋದಾಗ ಮಂಚ ಚಾವಡಿಗೆ ಬಂದಿತ್ತು. ಸೊಸೆ ಪಕ್ಕದಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ಅಮ್ಮ ಮಲಗಿದಲ್ಲಿಂದಲೇ ಎಲೆ ಕತ್ತರಿಸಿದ್ದು ಸರಿ ಇಲ್ಲ ಅಂತ ಅವಳಿಗೆ ಹೇಳುತ್ತಿದ್ದರು.

ನೋವು ಅಳೆಯುವುದಕ್ಕೆ ಒಂದು ಕ್ರಮ ಇದೆ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟು ಇದ್ದರೆ ಹತ್ತು. ಸಿಸ್ಟರ್ ತುಳುವಿನಲ್ಲಿ "ಏತ್ ಬೇನೆ?", ಎಷ್ಟು ನೋವು ಅಂತ ಕೇಳಿದಾಗ ಅಮ್ಮ "ಎಂಟುನೂರು" ಅಂದರು. ನಮಗೆ ಅರ್ಥ ಆಗಲಿಲ್ಲ. ಸೊಸೆ ಹೇಳಿದಳು, "ಅವರಿಗೆ ಲೆಕ್ಕ ಅಂದರೆ ಸಾವಿರವೇ. ಸಾವಿರ ಬೀಡಿಗೆ ಇಷ್ಟು ಮಜೂರಿ ಅಂತ ಅಲ್ವಾ." ಆ ದಿನದಿಂದ ಅವರ ಪುಸ್ತಕದಲ್ಲಿ ನಾವು ಸಾವಿರದ ಲೆಕ್ಕದಲ್ಲೇ ಬರೆದೆವು.

ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ಮನೆಯವರಿಗೆ ಭಯ. ಅಭ್ಯಾಸ ಆಗುತ್ತದೆ, ಬೇಗ ಸಾಯುತ್ತಾರೆ ಅಂತ ಯಾರೋ ಹೇಳಿದ್ದರು. ಹಾಗಲ್ಲ. ಅಳತೆ ನೋಡಿ, ಸಮಯಕ್ಕೆ ಸರಿಯಾಗಿ ಕೊಟ್ಟರೆ ಅದು ನೋವನ್ನು ಮಾತ್ರ ತೆಗೆಯುತ್ತದೆ, ಆಯುಸ್ಸನ್ನಲ್ಲ. ಈ ಮಾತ್ರೆ ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. 1985ರ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಇದನ್ನು ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಾಗಿ, ಎಷ್ಟೋ ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸುಗಮವಾಯಿತು. ನಮ್ಮವರು ಹಲ್ಲು ಕಚ್ಚಿಕೊಂಡು ಕಳೆದ ರಾತ್ರಿಗಳಲ್ಲಿ ಈ ಮಾತ್ರೆ ಇತ್ತು, ನಮಗೆ ಹೇಳುವವರು ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿಯದ್ದು ಎರಡು ಪಟ್ಟು, ನಡುರಾತ್ರಿ ಎಬ್ಬಿಸಬಾರದು ಅಂತ. ಜೊತೆಗೆ ಮಲಬದ್ಧತೆಗೆ ಮದ್ದು ಕೊಡಲೇಬೇಕು. ಸೂರ್ಯ, ಚಂದ್ರ ಬರೆದು ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ. ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಮಾಡುತ್ತಿದ್ದ ಹಾಗೆ. ನಾಲ್ಕು ದಿನದಲ್ಲಿ ಎಂಟುನೂರು ನಾನೂರಕ್ಕೆ ಬಂತು. ಅಲ್ಲಿಂದ ಕೆಳಗಿಳಿಯಲಿಲ್ಲ. ಮಾತ್ರೆ ಜಾಸ್ತಿ ಮಾಡಿದರೂ ಇಳಿಯಲಿಲ್ಲ.

ಒಂದು ಮಧ್ಯಾಹ್ನ ನಾನೊಬ್ಬಳೇ ಹೋಗಿದ್ದೆ. ಹೊರಗೆ ಜೋರು ಮಳೆ. ಅಮ್ಮ ಮಾತಾಡದೆ ಮಾಡಿನ ಹಂಚನ್ನೇ ನೋಡುತ್ತಿದ್ದರು. ನಾನೂ ಮಾತಾಡಲಿಲ್ಲ. ಸುಮ್ನೆ ಕೂರುವುದನ್ನೂ ತರಬೇತಿಯಲ್ಲಿ ಕಲಿಸಿದ್ದರು, ಎಲ್ಲದಕ್ಕಿಂತ ಕಷ್ಟದ ಪಾಠ ಅದೇ. ಅರ್ಧ ಗಂಟೆ ಆದ ಮೇಲೆ ಅವರೇ ಶುರು ಮಾಡಿದರು. ಮಗಳ ಮದುವೆಗೆ ಸಾಲ ಮಾಡಿದ್ದರು. ಬೀಡಿ ಕೆಲಸದ ಪಿಎಫ್ ಹಣ ಬರಬೇಕಿತ್ತು. ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಅದಕ್ಕೇ ನಿಂತಿತ್ತು. "ನಾನು ಸತ್ತರೆ ಸಾಲ ಇವಳ ತಲೆಗೆ," ಅಂತ ಸೊಸೆಯ ಕಡೆ ಕಣ್ಣು ತೋರಿಸಿದರು.

ಮಾರನೇ ದಿನವೇ ಕಾಗದ ಹಿಡಿದುಕೊಂಡು ಓಡಾಡಲು ಶುರು ಮಾಡಿದೆ. ನಮ್ಮ ಸಭೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ, ಅವರು ಜೊತೆಗೆ ಬಂದರು. ಮೈದುನರೂ ಬಂದರು. ಅದೇ, ಜಗಲಿಯ ಅಣ್ಣ. ಮೂರು ವಾರ ಹಿಡಿಯಿತು. ಹಣ ಖಾತೆಗೆ ಬಂದ ದಿನ ನೋವು ಎಷ್ಟು ಅಂತ ಸಿಸ್ಟರ್ ಕೇಳಿದರು. ಮಾತ್ರೆ ಮೊದಲಿನಷ್ಟೇ ಇತ್ತು. ಅಮ್ಮ "ಇನ್ನೂರು" ಅಂದರು. ಸಾಂಡರ್ಸ್ ಹೇಳಿದ್ದು ಏನು ಅಂತ ನನಗೆ ಆ ದಿನ ಅರ್ಥವಾಯಿತು.

ಈ ನಡುವೆ ಸಭೆಯಲ್ಲಿ ಪ್ರಶ್ನೆ ಬಂತು. ಮಹಿಳಾ ಕೂಟದಲ್ಲಿ ಹಿರಿಯರೊಬ್ಬರು, "ನಮ್ಮಲ್ಲೇ ಹಾಸಿಗೆ ಹಿಡಿದವರು ಇದ್ದಾರಲ್ಲ, ನೀನು ಹೊರಗೆ ಯಾಕೆ ಹೋಗುತ್ತಿ?" ಅಂದರು. ನ್ಯಾಯವಾದ ಮಾತು. ನಾನು ಹೇಳಿದೆ, "ಅವರ ಮನೆಗೂ ಹೋಗೋಣ ಅಕ್ಕ. ನೀವೂ ಕಲಿಯಿರಿ." ಅಂದು ಹಾಗೆ ಕೇಳಿದವರೇ ಮುಂದಿನ ತರಬೇತಿಗೆ ಬಂದರು. ಸಭಾಪಾಲಕರು ಪ್ರಸಂಗದಲ್ಲಿ ನಮ್ಮನ್ನು ಹೊಗಳಲು ಹೊರಟಾಗ ಬೇಡ ಅಂದೆ. ಬದಲಿಗೆ ಒಂದು ಕೇಳಿಕೊಂಡೆ. ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಒಂದು ಬುಟ್ಟಿ ಇಡಲು ಬಿಡಿ, ಹಳೇ ಹತ್ತಿ ಸೀರೆ, ಪಂಚೆ ಹಾಕಲು. ಈಗ ತಿಂಗಳ ಎರಡನೇ ಶನಿವಾರ ಸಂಡೇ ಸ್ಕೂಲಿನ ಕೋಣೆಯಲ್ಲಿ ಒಂಬತ್ತು ಜನ ಕೂತು ಪಟ್ಟಿ ಕತ್ತರಿಸುತ್ತೇವೆ. ಹಿಂದೆ ಅಡುಗೆಮನೆಯಲ್ಲಿ ಎರಡು ಕುಕ್ಕರ್ ಕೂಗುತ್ತಿರುತ್ತವೆ. ನಮ್ಮ ಸಭೆಯ ಇಬ್ಬರು ಹಾಸಿಗೆ ಹಿಡಿದವರಿಗೂ, ಬಂದರಿನ ಹತ್ತಿರದ ಬ್ಯಾರಿ ಮುಸ್ಲಿಮರ ಮನೆಗೂ, ಗುಡ್ಡದ ಮೇಲಿನ ಅಮ್ಮನಿಗೂ ಒಂದೇ ಡಬ್ಬಿಯಿಂದ ಪಟ್ಟಿ ಹೋಗುತ್ತಿತ್ತು.

ಆಗಸ್ಟ್ ತಿಂಗಳಿಗೆ ಅಮ್ಮ ಊಟ ಬಿಟ್ಟರು. ಸೊಸೆ ಗಂಜಿಯ ತಿಳಿ ಬಾಯಿಗೆ ಬಿಡಲು ನೋಡುತ್ತಿದ್ದಳು, ಅದು ಕೆಮ್ಮಾಗಿ ಹೊರಗೆ ಬರುತ್ತಿತ್ತು. ಒತ್ತಾಯ ಮಾಡಬೇಡ ಮಗಾ, ಹಸಿವೆಯೇ ಹೋಗಿರುತ್ತದೆ, ಬಾಯಿ ಒದ್ದೆ ಇದ್ದರೆ ಸಾಕು ಅಂತ ಸಿಸ್ಟರ್ ಹೇಳಿದರು. ನಾನು ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಮನಸ್ಸಿಗೆ ಎಂತ ಬೇಕು ಅನಿಸ್ತದೆ ಅಮ್ಮ?" ಅಂತ ಕೇಳಿದೆ. "ಕಟೀಲಿನ ಪ್ರಸಾದ," ಅಂದರು. ನಮ್ಮ ರಿಕ್ಷಾದ ಹುಡುಗ ಆವತ್ತೇ ಸಂಜೆ ಕಟೀಲು ದೇವಸ್ಥಾನಕ್ಕೆ ಹೋಗಿ ತಂದ. ಸೊಸೆ ಕುಂಕುಮವನ್ನು ಹಣೆಗೆ ಹಚ್ಚಿದಳು.

ಎರಡು ದಿನ ಬಿಟ್ಟು ಬೆಳಗಿನ ಜಾವ ಫೋನ್ ಬಂತು. ಹೋದೆ. ಕಾಲು ತಣ್ಣಗಾಗಿತ್ತು. ಉಸಿರು ನಿಂತು ನಿಂತು ಬರುತ್ತಿತ್ತು. ಗಂಟಲಿನಲ್ಲಿ ಗೊರ ಗೊರ ಶಬ್ದ. ಮನೆಯವರು ಹೆದರಿದ್ದರು. ಅದು ಅವರಿಗೆ ನೋವಿನ ಶಬ್ದ ಅಲ್ಲ ಅಂತ ಹೇಳಿದೆ. ಮಗ್ಗುಲು ಬದಲಿಸೋಣ ಅಂದೆ. ಅಡ್ಡ ಬಟ್ಟೆಯ ಒಂದು ಕಡೆ ನಾನು ಹಿಡಿದೆ. ಇನ್ನೊಂದು ಕಡೆ ಮೈದುನರು ಹಿಡಿದರು. ಹೇಳಿಕೊಡಬೇಕಾಗಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿ ನೋಡಿ ಕಲಿತಿದ್ದರು. ಮೆಲ್ಲಗೆ ಎಡ ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟೆವು. ಶಬ್ದ ಕಡಿಮೆಯಾಯಿತು.

ದೇವರ ಕೋಣೆಯಿಂದ ಸೊಸೆ ಒಂದು ಚಿಕ್ಕ ತಾಮ್ರದ ಗಿಂಡಿ ತಂದಳು. ಯಾರೋ ಕಾಶಿಯಿಂದ ತಂದುಕೊಟ್ಟ ಗಂಗೆ. ಅವಳ ಕೈ ನಡುಗುತ್ತಿತ್ತು. ನೀರು ಜಾಸ್ತಿ ಬಿದ್ದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅವಳಿಗೆ ಗೊತ್ತಿತ್ತು, ನಾವೇ ಹೇಳಿದ್ದೆವು. "ಟೀಚರ್, ನೀವು ಹಾಕ್ತೀರಾ? ನಿಮಗೆ ಹೇಗೆ ಹಾಕುವುದು ಅಂತ ಗೊತ್ತುಂಟು," ಅಂದಳು.

ಒಂದು ಕ್ಷಣ ಮೈದುನರನ್ನು ನೋಡಿದೆ. ಅವರು ತಲೆಯಾಡಿಸಿದರು. ಚೊಕ್ಕ ಬಟ್ಟೆಯ ತುದಿಯನ್ನು ಗಂಗೆಯಲ್ಲಿ ಅದ್ದಿ ಹಿಂಡಿ ಅಮ್ಮನ ತುಟಿಗೆ, ಒಳಗೆ ಒಸಡಿಗೆ ಮುಟ್ಟಿಸಿದೆ. ಮಗ, ಸೊಸೆ, ಮೈದುನರು ಒಬ್ಬೊಬ್ಬರಾಗಿ ನನ್ನ ಕೈ ಮುಟ್ಟಿ ಹಿಡಿದುಕೊಂಡರು, ತಾವೇ ಹಾಕಿದ ಹಾಗೆ ಆಗಲಿ ಅಂತ. ನಾನು ನನ್ನ ಕರ್ತನನ್ನು ಮನಸ್ಸಿನಲ್ಲಿ ಕರೆದೆ. ಬಾಯಿಂದ ಏನೂ ಹೇಳಲಿಲ್ಲ. ಇದು ಸರಿಯೋ ತಪ್ಪೋ ಅಂತ ನಮ್ಮ ಸಭೆಯಲ್ಲಿ ಒಬ್ಬಿಬ್ಬರು ಆಮೇಲೆ ಕೇಳಿದ್ದುಂಟು. ಸಾಯುವವರ ಬಾಯಿ ಒಣಗಿತ್ತು, ನಾನು ಒದ್ದೆ ಮಾಡಿದೆ. ನಾನು ಬಾಯಾರಿದ್ದೆ, ನೀವು ಕುಡಿಯಲು ಕೊಟ್ಟಿರಿ ಅಂತ ಹೇಳಿದ ಸ್ವಾಮಿ ನೀರು ಯಾವ ಗಿಂಡಿಯದ್ದು ಅಂತ ನನ್ನನ್ನು ಕೇಳಲಾರ ಅಂತ ನನ್ನ ನಂಬಿಕೆ.

ಏಳು ಗಂಟೆಗೆ ಮೊದಲೇ ಅಮ್ಮ ಹೋದರು.

ಉತ್ತರಕ್ರಿಯೆ ಮುಗಿದ ಮೇಲಿನ ವಾರ ಮತ್ತೆ ಆ ಮೆಟ್ಟಿಲು ಹತ್ತಿದೆ. ತಂಡದವರು ಯಾವಾಗಲೂ ಒಮ್ಮೆ ಹೀಗೆ ಹೋಗುತ್ತಾರೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ವಾಪಸ್ ತರಬೇಕು, ಅದೂ ಒಂದು ಕೆಲಸ. ಸೊಸೆ ಮೊದಲೇ ಎಣಿಸಿ, ಕವರಿಗೆ ಹಾಕಿ, ಮೇಲೆ 14 ಅಂತ ಬರೆದಿಟ್ಟಿದ್ದಳು. ಸರಿಯಾಗಿತ್ತು. ಗೋಡೆಯ ಮೇಲೆ ಸೂರ್ಯ ಚಂದ್ರರ ಚಾರ್ಟ್ ಹಾಗೇ ಇತ್ತು. ಚಾ ಕೊಟ್ಟಳು. ಮೈದುನರು ಜಗಲಿಯಿಂದ ಎದ್ದು ಕುರ್ಚಿ ತಂದು ಹಾಕಿದರು. ಅಮ್ಮನ ಬಗ್ಗೆ ತುಂಬ ಹೊತ್ತು ಮಾತಾಡಿದೆವು.

ಹೊರಡುವಾಗ ಅವಳು ಒಳಗೆ ಹೋಗಿ ಮಡಚಿದ ಎರಡು ಸೀರೆ ತಂದಳು. ಒಂದು ನೀಲಿ, ಒಂದು ಬಿಳಿಗೆ ಸಣ್ಣ ಹೂವು. ಒಗೆದು ಒಗೆದು ಮೆತ್ತಗಾಗಿದ್ದವು.

"ಅತ್ತೆಯದ್ದು," ಅಂದಳು. "ಹತ್ತಿಯೇ. ಗಾಯಕ್ಕೆ ಆಗ್ತದಲ್ವಾ ಟೀಚರ್?"

"ಆಗ್ತದೆ ಮಗಾ," ಅಂದೆ. "ಕತ್ತರಿಸುವುದು ಶನಿವಾರ. ನೀನೂ ಬಾ."